ಕಿಟಕಿಯಾಚೆಯ ಟೀವಿ

ಅಟ್ಟದಲ್ಲಿ ಒಣಗಿದ ಕೊಬ್ಬರಿಯ ವಾಸನೆ ಬಂದರೆ ಈಗಲೂ ನನಗೆ ಅರಸೀಕೆರೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ, ದೊಡ್ಡಪ್ಪ ತೆಂಗಿನ ತೋಟಕ್ಕಾಗಿ ಜಗಳವಾಡಿ ಮನೆಯ ನಡುವೆ ಗೋಡೆ ಎಬ್ಬಿಸಿದ್ದರು. ಟೀವಿ ದೊಡ್ಡಪ್ಪನ ಪಾಲಿಗೆ ಹೋಯಿತು. ಅವರ ಮಗಳು ಗಿರಿಜಕ್ಕನೂ ಆ ಕಡೆಯವಳಾದಳು. ಅಂದು ನಾನು ಅವರ ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದೆ. ಒಳಗೆ ಗಿರಿಜಕ್ಕನ ಪಕ್ಕ, ನಾನು ಕೂರುತ್ತಿದ್ದ ಜಾಗದಲ್ಲಿ, ಎದುರುಮನೆಯ ಶಶಿ ಕೂತಿದ್ದಳು. ನನಗೆ ಹೊಟ್ಟೆ ಉರಿಯಿತು.

ಟೀವಿಯಲ್ಲಿ ಅಮೆರಿಕದ ನೌಕೆ ರಷ್ಯದ ಅಂತರಿಕ್ಷ ನಿಲ್ದಾಣಕ್ಕೆ ಅಂಟಿಕೊಂಡಿತ್ತು. ಬಾಗಿಲು ತೆರೆಯಿತು. ಎರಡೂ ಕಡೆಯವರು ತೇಲುತ್ತ ಬಂದು ತಬ್ಬಿಕೊಂಡರು.

“ಅವ್ರು ಹಾವು ಮುಂಗುಸಿ ಹಂಗಿದ್ದೋರಲ್ವೇನ್ಲಾ?” ಒಳಗೆ ಟೀವಿ ನೋಡುತ್ತಿದ್ದ ಅಜ್ಜಿ ಪಕ್ಕದಲ್ಲಿದ್ದ ದೊಡ್ಡಪ್ಪನನ್ನು ಕೇಳಿದಳು.

“ಹೂಂ ಕಣವ್ವ. ಈಗ ಒಟ್ಟಿಗೆ ಕೆಲ್ಸ ಮಾಡ್ತಾರಂತೆ.”

“ಮಧ್ಯಕ್ಕೊಂದು ಬಾಗ್ಲು ಮಡಗವ್ರೆ, ನೋಡ್ಲಾ.”

ದೊಡ್ಡಪ್ಪ ಕಿಟಕಿಯತ್ತ ತಿರುಗಿದವರು ನನ್ನನ್ನು ಕಂಡರು. ಎದ್ದು ಹೋಗಿ ಟೀವಿಯನ್ನು ನಿಧಾನವಾಗಿ ನನ್ನ ಕಡೆಗೆ ತಿರುಗಿಸಿದರು.

“ಕಾಣ್ತೈತೇನವ್ವಾ?”

ನಾನು ತಲೆಯಾಡಿಸಿದೆ. ಟೀವಿ ಚೆನ್ನಾಗಿ ಕಾಣುತ್ತಿತ್ತು. ಅದರ ಬೆಳಕಿನಲ್ಲಿ ಗಿರಿಜಕ್ಕ ಶಶಿಯ ಜಡೆ ಹೆಣೆಯುತ್ತಿದ್ದುದೂ ಚೆನ್ನಾಗಿ ಕಾಣುತ್ತಿತ್ತು.