ನರಗಳ ಪಾಠ

ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯ ವಾಸನೆ ಬಂದರೆ ಈಗಲೂ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

ಫರಂಗಿಪೇಟೆಯ ನಮ್ಮ ಮನೆಯ ಮಹಡಿಯಲ್ಲಿ ಚಿಕ್ಕಮ್ಮ ಓದುತ್ತಿದ್ದಳು. ರಷ್ಯಾದಲ್ಲಿ ವೈದ್ಯಕೀಯ ಮುಗಿಸಿ ಬಂದವಳು, ಇಲ್ಲಿ ಡಾಕ್ಟರಾಗಲು ಬೇಕಾದ ಲೈಸೆನ್ಸ್ ಪರೀಕ್ಷೆಯನ್ನು ಮೂರನೆಯ ಸಲ ಬರೆದಿದ್ದಳು. ಆ ಮಧ್ಯಾಹ್ನ ಫಲಿತಾಂಶ ಬರುವುದಿತ್ತು. ಆದರೂ ಅವಳು ಪುಸ್ತಕ ಮುಚ್ಚಿರಲಿಲ್ಲ. ನರಗಳ ಪಾಠಕ್ಕೆ ಅವಳಿಗೆ ನನ್ನ ಕೈ ಬೇಕಿತ್ತು. ಮೊಣಕೈಯಿಂದ ಕಿರುಬೆರಳಿನವರೆಗೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದಳು.

“ಕಣ್ಣು ಮುಚ್ಚು. ತಣ್ಣಗೆ ಗೊತ್ತಾದ ಕೂಡಲೇ ‘ಈಗ’ ಅಂತ ಹೇಳ್ಬೇಕು, ಆಯ್ತಾ?”

ಸ್ಪಿರಿಟಿನ ಹತ್ತಿ ತಾಗಿ ಕಿರುಬೆರಳು ತಣ್ಣಗಾಯಿತು. “ಈಗ” ಎಂದೆ. ಆಮೇಲೆ ಮಣಿಕಟ್ಟು. “ಈಗ.”

ಮೊಬೈಲು ಒಮ್ಮೆ ಟಿಣ್ ಎಂದಿತು. ಹೆದ್ದಾರಿಯಲ್ಲಿ ಲಾರಿ ಹೋಗಿ ಕಿಟಕಿಯ ಗಾಜು ಅದುರಿತು.

“ಬಂತಾ ಮಗಾ?” ಕೆಳಗಿನಿಂದ ಅಜ್ಜಿ ಕೇಳಿದರು.

“ಬಂತು. ಈ ಸಲವೂ ಇಲ್ಲಮ್ಮ.”

ಅಜ್ಜಿ ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿತು. “ಹಾಗಾದ್ರೆ ಊಟಕ್ಕೆ ಬನ್ನಿ, ಗಂಜಿ ಆರ್ತದೆ.”

ಚಿಕ್ಕಮ್ಮ ಏಳಲಿಲ್ಲ. ನಾನು ಕೈ ಚಾಚಿಕೊಂಡು, ಕಣ್ಣು ಮುಚ್ಚಿಯೇ ಕಾದೆ. ಹತ್ತಿ ಎಲ್ಲಿಯೂ ತಾಗಲಿಲ್ಲ. ತುಂಬ ಹೊತ್ತಾದ ಮೇಲೆ ಸುಮ್ಮನೆ “ಈಗ” ಎಂದೆ.

“ಸರಿ ಉಂಟು,” ಎಂದಳು.