ದಾರಿ ತೋರಿಸಿದವನು

“ಹೊಸ ವಿಳಾಸ ನಿಮ್ಮೊಬ್ಬರಿಗೇ ಹೇಳಿದ್ದೆ ಮೇಡಂ. ಹೆತ್ತ ತಾಯಿಗೂ ಹೇಳಿರಲಿಲ್ಲ.”

ದರ್ಜಿ ಹೆಂಗಸು ಮಗಳ ಕೈ ಬಿಡದೆ ಸಲಹಾ ಕೇಂದ್ರದ ಬಾಗಿಲಲ್ಲೇ ನಿಂತಿದ್ದಳು. ಹೊಡೆಯುವ ಗಂಡನಿಂದ ತಪ್ಪಿಸಿಕೊಳ್ಳಲು ಅವಳು ಮನೆ ಬದಲಿಸಿದ್ದು ಇದು ಮೂರನೇ ಸಲ. ಬೆಳಿಗ್ಗೆ ಅವನು ಆ ಹೊಸ ಮನೆಯ ಬಾಗಿಲನ್ನೂ ಬಡಿದಿದ್ದ. ಪಕ್ಕದ ಮನೆಯವರು ತಾಯಿ ಮಗಳನ್ನು ಹಿತ್ತಿಲ ಗೋಡೆ ಹತ್ತಿಸಿ ದಾಟಿಸಿದ್ದರು.

ಸಲಹೆಗಾರ್ತಿಯ ಮುಖ ಕೆಂಪಾಯಿತು. ಹದಿನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತು, ಕೇಳಿದ್ದನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡವಳು. “ನನ್ನ ಬಾಯಿಂದ ಒಂದಕ್ಷರ ಹೊರಗೆ ಹೋಗಿಲ್ಲಮ್ಮ. ನನ್ನ ಮಕ್ಕಳಾಣೆ.” ಅಷ್ಟಕ್ಕೆ ಸಮಾಧಾನವಾಗದೆ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು.

ಅವನು ಅರ್ಧ ಗಂಟೆ ತಡಕಾಡಿ ತಲೆಯೆತ್ತಿದ.

“ಮೇಡಂ ಹೇಳಿಲ್ಲ, ಈ ಯಂತ್ರ ಹೇಳಿದೆ. ಬ್ರೌಸರ್ ತೆರೆದ ಕೂಡಲೇ ಇದು ‘ಹೊರಗೆ, ಇಂಟರ್ನೆಟ್‌ಗೆ ಹೋಗೋಕೆ ದಾರಿ ಯಾರು ತೋರಿಸ್ತೀರಿ?’ ಅಂತ ಆಫೀಸಿನ ನೆಟ್‌ವರ್ಕ್‌ನಲ್ಲೆಲ್ಲ ಕೇಳುತ್ತೆ. ಯಾರು ‘ನಾನು’ ಅಂದ್ರೂ ನಂಬಿಬಿಡುತ್ತೆ. ಹೋದ ಗುರುವಾರ ಯಾವುದೋ ಲ್ಯಾಪ್‌ಟಾಪ್ ‘ನಾನು’ ಅಂದಿದೆ. ಆವತ್ತು ನೀವು ತೆರೆದ ಕಡತಗಳೆಲ್ಲ, ಇವರದೂ ಸೇರಿ, ಅದರ ಕಣ್ಣೆದುರೇ ಹಾದುಹೋಗಿವೆ.”

ಗುರುವಾರ. ಅಕ್ಕನ ಕಷ್ಟ ಹೇಳಿಕೊಳ್ಳಬೇಕೆಂದು ಬಂದಿದ್ದ ಒಬ್ಬ ಮೆದುಮಾತಿನವನು ಹೊರಗಿನ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೆರೆದು ಗಂಟೆಗಟ್ಟಲೆ ಕೂತಿದ್ದ. ಪಾಪ ಎನ್ನಿಸಿ ಅವನಿಗೆ ವೈಫೈ ಪಾಸ್‌ವರ್ಡ್ ಬರೆದುಕೊಟ್ಟವಳು ಸಲಹೆಗಾರ್ತಿಯೇ. ಅದನ್ನು ಅವಳೇ ಬಾಯಿಬಿಟ್ಟು ಹೇಳಿದಳು.

“ಹುಬ್ಬಿನ ಮೇಲೆ ಹೊಲಿಗೆಯ ಗುರುತು ಇತ್ತಾ?” ಎಂದಳು ದರ್ಜಿ.

“ಇತ್ತು.”

“ನನ್ನ ಮೈದುನ.” ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. “ಇದನ್ನ ಮೊದಲೇ ತಡೆಯೋಕೆ ಆಗ್ತಿರಲಿಲ್ವಾ?”

ರಿಪೇರಿಯವನು ಕಣ್ಣನ್ನು ಕೀಬೋರ್ಡಿಗೆ ಇಳಿಸಿದ. ಸಲಹೆಗಾರ್ತಿ ತನ್ನ ಪಾಲನ್ನು ಮುಚ್ಚಿಡಬಹುದಿತ್ತು.

“ಆಗ್ತಿತ್ತು,” ಎಂದಳು. “ಇದನ್ನ ಸರಿಮಾಡೋಕೆ ಅಂತ ಇವರು ಎರಡು ಸಲ ಬಂದಿದ್ರು. ಜನ ಕಾಯ್ತಿದ್ದಾರೆ, ಆಮೇಲೆ ಬನ್ನಿ ಅಂತ ನಾನೇ ಕಳಿಸಿದೆ.”

ಪರದೆಯ ಮೇಲೆ, ‘ದಾರಿ ತಾನೇ ಹುಡುಕು’ ಎಂಬ ಆಯ್ಕೆಯ ಪಕ್ಕದ ಪುಟ್ಟ ಚೌಕದಲ್ಲಿದ್ದ ಗುರುತನ್ನು ರಿಪೇರಿಯವನು ತೆಗೆದ. ಟಕ್ ಎಂದು ಒಂದೇ ಸದ್ದು.

“ಅಷ್ಟೇನಾ?” ಎಂದಳು ದರ್ಜಿ.

ದರ್ಜಿ ಚೀಲವನ್ನು ಹೆಗಲಿಗೇರಿಸಿಕೊಂಡಳು.

“ಈಗೆಲ್ಲಿಗೆ ಹೋಗ್ತೀಯಮ್ಮ?” ಸಲಹೆಗಾರ್ತಿಗೆ ಕೇಳಿ ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು.

ದರ್ಜಿ ಒಮ್ಮೆ ಪರದೆಯನ್ನು, ಒಮ್ಮೆ ಅವಳ ಮುಖವನ್ನು ನೋಡಿದಳು. ಮಗಳೊಂದಿಗೆ ಮೆಟ್ಟಿಲಿಳಿದು ಹೋದಳು.

ಸಲಹೆಗಾರ್ತಿ ಅವಳ ಕಡತ ತೆರೆದು ಹಳೆಯ ವಿಳಾಸವನ್ನು ಅಳಿಸಿದಳು. ಉಳಿಸಲು ಒತ್ತಿದಳು. ಯಂತ್ರ ಒಪ್ಪಲಿಲ್ಲ. ಖಾಲಿ ಜಾಗದ ಕೆಳಗೆ ಕೆಂಪು ಅಕ್ಷರಗಳು ಮೂಡಿದವು: ‘ವಿಳಾಸ ಕಡ್ಡಾಯ.’