ಕಿವಿಯ ಹಿಂದಿನ ಕಲೆ

“ಇನ್ನೊಂದು ಸಲ ಹೇಳು,” ಎಂದ ಜೈಲರ್.

“ಚೆನ್ನಾಗಿದ್ದೀನಿ. ಹೊತ್ತುಹೊತ್ತಿಗೆ ಊಟ ಕೊಡ್ತಾರೆ. ಯಾರೂ ಕೈ ಮಾಡಿಲ್ಲ.”

“ಮುದುಕಿ ಬಂದಾಗ?”

“ಎದ್ದು ನಿಲ್ಲಬೇಕು. ಅಮ್ಮಾ ಅನ್ನಬೇಕು.”

“ಅಷ್ಟೇ. ಹೆಚ್ಚಿಗೆ ಬಾಯಿ ಬಿಟ್ಟರೆ ಹಲ್ಲು ಉಳಿಯಲ್ಲ.”

ಗೋಡೆಯ ಸುಣ್ಣ ಇನ್ನೂ ಹಸಿಯಾಗಿತ್ತು. ತಾಯಿ ಕಳಿಸಿದ್ದ ಅಂಗಿಯ ತೋಳು ಕೈದಿಯ ಬೆರಳುಗಳನ್ನು ಮುಚ್ಚುತ್ತಿತ್ತು. ಜೈಲರ್ ತಾನೇ ಮಡಚಿ ಸರಿಮಾಡಿದ. ಇಷ್ಟೆಲ್ಲ ಒಬ್ಬ ವಿದೇಶಿ ರಾಯಭಾರಿಗಾಗಿ. ಮುದುಕಿಯ ಮಗನನ್ನು ಜೀವಂತ ತೋರಿಸಿ, ಆಮೇಲೆ ನಿಮ್ಮ ಸರ್ಕಾರಕ್ಕೆ ಸಾಲದ ಮಾತು ಎಂದು ಅವರ ದೇಶ ಪಟ್ಟು ಹಿಡಿದಿತ್ತು. ಜೈಲರನಿಗೆ ನಗು ಬಂತು. ಮಾನವ ಹಕ್ಕು ಎನ್ನುತ್ತ ಬರುತ್ತಾರೆ, ಚಹಾ ಬಿಸ್ಕತ್ತು ಮುಗಿಸಿ ಹೋಗುತ್ತಾರೆ. ಇನ್ನು ಆ ತಾಯಿ. ಕಣ್ಣಿಗೆ ಪೊರೆ ಬಂದು ಎಲ್ಲವೂ ಮಂಜು ಎಂದು ವಿಚಾರಿಸಿ ತಿಳಿದುಕೊಂಡೇ ಕರೆಸಿದ್ದ.

ರಾಯಭಾರಿ ಬಂದರು. ಅವರ ದುಭಾಷಿ ಬಂದ. ಹಿಂದೆ ಗೋಡೆ ತಡವುತ್ತ ಮುದುಕಿ.

“ಅಮ್ಮಾ,” ಎಂದ ಕೈದಿ.

ಅವಳು ಅವನ ಮುಖ ಸವರಿದಳು. ತಲೆ, ಕುತ್ತಿಗೆ. ಬೆರಳು ಎಡಕಿವಿಯ ಹಿಂದೆ ಹೋಗಿ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

“ಇಲ್ಲಿ ಹೊಲಿಗೆಯ ಕಲೆ ಇತ್ತು. ಅದೂ ಮಾಯ,” ಎಂದಳು ಕೊನೆಗೆ. “ನಿಮ್ಮ ಡಾಕ್ಟರ ಕೈಗುಣ ದೊಡ್ಡದು, ಸಾಹೇಬರೇ.”

ಹೆತ್ತವಳ ಬಾಯಿಂದಲೇ ಹೊಗಳಿಕೆ. ಬರೆದುಕೋ ಎಂದು ಜೈಲರ್ ದುಭಾಷಿಗೆ ಸನ್ನೆ ಮಾಡಿದ.

“ಇವನನ್ನ ಕಳಿಸಿಕೊಡಿ. ಇವರ ಕಾರಲ್ಲೇ ಹೋಗ್ತೀವಿ,” ಎಂದು ಮುದುಕಿ ರಾಯಭಾರಿಯ ಕಡೆ ಕೈ ತೋರಿದಳು.

ಇವತ್ತೇ ಬಿಟ್ಟರೆ ಸಾಲದ ಪತ್ರಕ್ಕೆ ಇವತ್ತೇ ಸಹಿ ಎಂದರು ರಾಯಭಾರಿ. “ಬಿಟ್ಟು ಹಾಕಯ್ಯ ಅತ್ಲಾಗೆ,” ಎಂದು ಮಂತ್ರಿಗಳು ಫೋನಿನಲ್ಲಿ ಗದರಿದರು. ಜೈಲರ್ ಬಿಟ್ಟ. ಬೋನಿನ ಇಲಿ ಎಷ್ಟು ದೂರ ಓಡೀತು? ಸಾಲ ಕೈಗೆ ಬರಲಿ, ಮತ್ತೆ ಎತ್ತಿಕೊಂಡು ಬಂದರಾಯಿತು.

ಬಾವುಟದ ಕಾರಿನ ಬಾಗಿಲನ್ನು ತಾನೇ ಹಿಡಿದು ನಿಂತ. “ಒಂದು ಹನಿ ಕಣ್ಣೀರೂ ಹಾಕಲಿಲ್ಲವಲ್ಲ, ಅಜ್ಜಿ?”

“ಮನೇಲಿ ಹಾಕ್ತೀನಿ, ಸಾಹೇಬರೇ.”

ಕಲ್ಲೆದೆಯ ಮುದುಕಿ, ಅಂದುಕೊಂಡ. ಬಾಗಿಲು ಹಾಕಿ ಸೆಲ್ಯೂಟ್ ಹೊಡೆದ.

ಗಾಜು ಇನ್ನೂ ಪೂರ್ತಿ ಏರಿರಲಿಲ್ಲ. ಮುದುಕಿ ಮುಂದಿನ ಸೀಟಿನಲ್ಲಿದ್ದ ದುಭಾಷಿಯ ಭುಜ ತಟ್ಟಿ, “ಇದನ್ನ ಒಂದಕ್ಷರ ಬಿಡದೆ ರಾಯಭಾರಿಗಳಿಗೆ ಹೇಳಪ್ಪ,” ಎಂದಳು. ಆಮೇಲೆ ಪಕ್ಕದಲ್ಲಿದ್ದ ಕೈದಿಯತ್ತ ತಿರುಗಿದಳು.

“ಹೆದರಬೇಡ ಮಗು. ನೀನು ಯಾರ ಮಗ ಅಂತ ಆಮೇಲೆ ಹೇಳುವೆಯಂತೆ. ನನ್ನ ಮಗನಿಗೆ ಏನು ಮಾಡಿದ್ರು, ಅದನ್ನ ಮೊದಲು ಹೇಳು.”